ಬೈಗುಳಕ್ಕೆ ಕೈ ಮುಗಿದ ಆಯಿ

ಅನುವಾದ ಪರೀಕ್ಷೆಯ ಆ ಹಾಳೆಯಲ್ಲಿ ಏಳು ಪ್ರಶ್ನೆಗಳಿದ್ದವು. ಮೊದಲ ಆರರ ಬಗ್ಗೆ ನನಗೆ ತಕರಾರಿಲ್ಲ. ಕೇಳಿದವರ ವಯಸ್ಸೆಷ್ಟು, ಮನೆಮಾತು ಯಾವುದು, ಶಾಲೆಗೆ ಹೋಗಿದ್ದಾರೆಯೇ, ತಿಳಿಯದ ಪದ ಯಾವುದಾದರೂ ಇತ್ತೇ, ಹೀಗೆ. ಏಳನೆಯದನ್ನು ಓದಿದಾಗ ಮಾತ್ರ ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು ಮತ್ತೊಮ್ಮೆ ಓದಿದೆ. 'ಈ ಸಾಲುಗಳಲ್ಲಿರುವ ಅಪಹಾಸ್ಯ ಕೇಳುಗರನ್ನು ಮುಟ್ಟಿತೇ? ಹೌದು ಅಥವಾ ಇಲ್ಲ.' ಹೌದು ಎಂದು ಬಂದರೆ ಅನುವಾದ ಪಾಸು. ಇಲ್ಲ ಎಂದರೆ ತಿದ್ದಿ ಬರೆಯಬೇಕು, ಮತ್ತೆ ಹೋಗಿ ಓದಬೇಕು, ಮತ್ತೆ ಕೇಳಬೇಕು. ಅಂದರೆ ಎದುರಿಗೆ ಕೂತವರ ಮನಸ್ಸು ನೋಯುವವರೆಗೂ ನಾನು ಬಿಡುವ ಹಾಗಿಲ್ಲ.

ಮೂವತ್ತೇಳು ವರ್ಷ ಕನ್ನಡ ಕಲಿಸಿ ನಿವೃತ್ತಳಾದವಳು ನಾನು. ಚಿಕ್ಕೋಡಿಯ ಮನೆಯಲ್ಲಿ ಫ್ಯಾನಿನ ಕೆಳಗೆ ಕೂತು ಪೇಪರ್ ಓದಿಕೊಂಡು ಸುಖವಾಗಿರಬಹುದಿತ್ತು. ಹಾಗಿರದೆ, ಒಂದು ಅನುವಾದ ಸಂಸ್ಥೆಯವರು ಫೋನ್ ಮಾಡಿ, ಪುರಾತನ ಧರ್ಮಗ್ರಂಥವೊಂದನ್ನು ಗಡಿಭಾಗದ ಆಡುಮಾತಿಗೆ ತರುತ್ತಿದ್ದೇವೆ, ನಿಮ್ಮಂಥವರು ಬೇಕು ಎಂದಾಗ ಉಬ್ಬಿಹೋದೆ. ನಾನು ಆ ಧರ್ಮದವಳಲ್ಲ. ಅಥಣಿ ಕಡೆಯ ದ್ರಾಕ್ಷಿ ತೋಟದವರ ಮಗಳು. ನಮ್ಮ ದೇವರ ಜಗಲಿಯ ಮೇಲಿನ ಮೂರ್ತಿಗಳನ್ನು ಎಣಿಸಲು ಎರಡು ಕೈಯ ಬೆರಳು ಸಾಲುವುದಿಲ್ಲ. ಅದನ್ನು ಮೊದಲೇ ಹೇಳಿದೆ. "ಹೊರಗಿನವರೇ ಬೇಕು ಮೇಡಂ. ಒಳಗಿನವರಿಗೆ ಎಲ್ಲವೂ ಬಾಯಿಪಾಠ, ಹಾಗಾಗಿ ಎಲ್ಲವೂ ಅರ್ಥವಾದ ಹಾಗೆ ಅನ್ನಿಸಿಬಿಡುತ್ತೆ" ಎಂದರು. ಮಾತು ಸರಿಯೆನಿಸಿತು. ಇರಲಾರದೆ ಇರುವೆ ಬಿಟ್ಟುಕೊಂಡರು ಎನ್ನುತ್ತಾರಲ್ಲ, ಅದು ನನ್ನಂಥವರನ್ನು ನೋಡಿಯೇ ಹುಟ್ಟಿದ ಮಾತು.

ನನ್ನ ಪಾಲಿಗೆ ಬಂದದ್ದು ಜೀವವಿಲ್ಲದ ಮೂರ್ತಿಗಳನ್ನು ಕುರಿತ ಕೆಲವು ಸಾಲುಗಳು. ಅವನ್ನು ಪುಸ್ತಕದ ಕನ್ನಡಕ್ಕೆ, ನಮ್ಮ ಆಡುಗನ್ನಡಕ್ಕೆ, ನಿಪ್ಪಾಣಿ ಕಡೆಯ ಮರಾಠಿಗೆ, ಹೀಗೆ ಮೂರಕ್ಕೂ ತರಬೇಕಿತ್ತು. ತರುವುದು ಕಷ್ಟವಾಗಲಿಲ್ಲ. ಬೆಳ್ಳಿ ಬಂಗಾರದಲ್ಲಿ ಮನುಷ್ಯರೇ ಮಾಡಿದ ಮೂರ್ತಿಗಳು ಅವು, ಬಾಯಿದ್ದೂ ಮಾತಿಲ್ಲ, ಕಣ್ಣಿದ್ದೂ ನೋಟವಿಲ್ಲ, ಕೈಕಾಲು ಇದ್ದೂ ಇಲ್ಲದ ಹಾಗೆ. ಮಾಡಿದವರೂ ನಂಬಿದವರೂ ಕೊನೆಗೆ ಅವುಗಳ ಹಾಗೇ ಆಗುತ್ತಾರೆ ಎಂಬ ಅರ್ಥ. ಆಡುಗನ್ನಡದ್ದು ನನಗೇ ಮೆಚ್ಚುಗೆಯಾಯಿತು. ನಾಲ್ಕು ಸಲ ಗಟ್ಟಿಯಾಗಿ ಓದಿಕೊಂಡೆ. ಇಷ್ಟು ವರ್ಷ ಬೇರೆಯವರು ಬರೆದದ್ದನ್ನು ಮಕ್ಕಳಿಗೆ ಓದಿ ಹೇಳಿದವಳು, ಒಮ್ಮೆಯಾದರೂ ನಾನು ಬರೆದ ಕನ್ನಡ ಅಚ್ಚಾಗುತ್ತದಲ್ಲ ಎಂಬ ಆಸೆ ಆಗ ಹುಟ್ಟಿತು. ಮುಂದಿನ ಅನಾಹುತಕ್ಕೆಲ್ಲ ಆ ಆಸೆಯೇ ಕಾರಣ ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಕಷ್ಟವಿದ್ದದ್ದು ಪರೀಕ್ಷೆಯಲ್ಲಿ. ಈ ಸಾಲುಗಳನ್ನು ಎಂದೂ ಕೇಳದ ಒಬ್ಬರಿಗೆ ಓದಿ ಹೇಳಬೇಕು. ಅವರು ತಮಗೆ ತಿಳಿದದ್ದನ್ನು ತಮ್ಮ ಮಾತಿನಲ್ಲಿ ತಿರುಗಿ ಹೇಳಬೇಕು. ಅದನ್ನು ಹಾಗೇ ಬರೆದು ಕಳಿಸಬೇಕು. ನಡುವೆ ನಾನು ವಿವರಣೆ ಕೊಡಕೂಡದು. ಒಂದು ಪದವನ್ನೂ ಬಿಡಿಸಿ ಹೇಳಕೂಡದು. ಬಿಡಿಸಿ ಹೇಳುವುದನ್ನೇ ಕಸುಬು ಮಾಡಿಕೊಂಡಿದ್ದ ಮಾಸ್ತರಿಣಿಗೆ ಇದು ಬಾಯಿಗೆ ಬಟ್ಟೆ ತುರುಕಿದ ಹಾಗೆ. ಅಥಣಿ, ಚಿಕ್ಕೋಡಿ, ನಿಪ್ಪಾಣಿ, ಕಾಗವಾಡ ತಾಲೂಕುಗಳಿಂದ ಒಬ್ಬೊಬ್ಬರು ಬೇಕೆಂದರು. ಕಾಗವಾಡದವರು ಮಾತ್ರ ಎಪ್ಪತ್ತು ದಾಟಿದವರಾಗಿರಬೇಕು, ಹೆಚ್ಚು ಓದಿರಬಾರದು, ಊರು ಬಿಟ್ಟು ಹೋಗಿರಬಾರದು. ಅಂಥ ಒಬ್ಬರೇ ನನಗೆ ಗೊತ್ತಿದ್ದರು. ಶೇಡಬಾಳದ ಆಯಿ.

ಆಯಿ ಯಾರೆಂದು ಹೇಳಬೇಕು. ಇಪ್ಪತ್ತಮೂರನೆಯ ವಯಸ್ಸಿಗೆ ನನಗೆ ಶೇಡಬಾಳದಲ್ಲಿ ಮೊದಲ ನೌಕರಿ ಸಿಕ್ಕಾಗ, ಒಂಟಿ ಹುಡುಗಿಗೆ ಮನೆ ಕೊಡಲು ಯಾರೂ ತಯಾರಿರಲಿಲ್ಲ. ಒಂದು ಜೈನರ ಮನೆಯಾಕೆ ತಮ್ಮ ಹಿತ್ತಲ ಖೋಲಿ ತೆಗೆದುಕೊಟ್ಟರು. ಊರವರೆಲ್ಲ ಅವರನ್ನು ಆಯಿ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ನಾಲ್ಕು ವರ್ಷ ಅವರ ಕೈಯ ಊಟ ಉಂಡಿದ್ದೇನೆ. ಅವರ ಮನೆಯಲ್ಲಿ ಉಳ್ಳಾಗಡ್ಡಿ ಇಲ್ಲ, ಆಲೂಗಡ್ಡೆ ಇಲ್ಲ, ನೀರು ಸೋಸದೆ ಕುಡಿಯುವುದಿಲ್ಲ, ಹೊತ್ತು ಮುಳುಗಿದ ಮೇಲೆ ಒಂದು ಅಗುಳೂ ಬಾಯಿಗಿಡುವುದಿಲ್ಲ. ನನಗೆ ಟೈಫಾಯ್ಡ್ ಬಂದಾಗ ಹನ್ನೆರಡು ದಿನ ತಲೆಗೆ ತಣ್ಣೀರು ಬಟ್ಟೆ ಹಾಕಿದವರು ಅವರೇ. ಆಮೇಲೆ ಚಿಕ್ಕೋಡಿಗೆ ವರ್ಗವಾಯಿತು, ಮದುವೆಯಾಯಿತು, ಮಕ್ಕಳಾದರು. ಹೋಗಬೇಕು ಹೋಗಬೇಕು ಎನ್ನುತ್ತಲೇ ಹೋಗಲಿಲ್ಲ. ಆಯಿಯ ಯಜಮಾನರು ತೀರಿಕೊಂಡಾಗಲೂ ಫೋನಿನಲ್ಲೇ ಮಾತಾಡಿ ಮುಗಿಸಿದೆ. ಐವತ್ತು ಕಿಲೋಮೀಟರೂ ಇಲ್ಲದ ಊರು ಅದು. ಇದಕ್ಕೆ ಏನು ನೆವ ಹೇಳಿದರೂ ನಾಚಿಕೆಗೇಡು.

ಹೀಗಿರುವಾಗ ಒಂದು ಗುರುವಾರ ಮಧ್ಯಾಹ್ನ, ಫೈಲು ಹಿಡಿದುಕೊಂಡು ಅವರ ಬಾಗಿಲಲ್ಲಿ ನಿಂತೆ. ಮಗ ಸೊಸೆಯೊಂದಿಗೆ ಅದೇ ಮನೆಯಲ್ಲಿದ್ದರು. ಎಂಬತ್ತು ದಾಟಿತ್ತು, ಬೆನ್ನು ಬಾಗಿತ್ತು, ಕಣ್ಣು ಮಾತ್ರ ಚುರುಕು. ಮುಖ ನೋಡಿದ್ದೇ, "ಬಂದ್ಯಾ ಮಗಳ? ನನಗ ಗೊತ್ತಿತ್ತ, ನೌಕರಿ ಮುಗದ್ ಮ್ಯಾಲ ನೀ ಬರ್ತಿ ಅಂತ" ಎಂದು ಕೈ ಹಿಡಿದುಕೊಂಡರು. ಸೊಸೆಯನ್ನು ಕರೆದು, "ನೋಡ, ನಾ ಹೇಳ್ತಿದ್ನಲ್ಲ, ಇಕಿನ ನಮ್ ಮಗಳ. ನೆನಪ ತಗದ ಬಂದಾಳ" ಎಂದರು. ನೆನಪಿನಿಂದ ಬಂದದ್ದಲ್ಲ, ಏಳು ಪ್ರಶ್ನೆಗಳ ಹಾಳೆ ತುಂಬಿಸಲು ಬಂದದ್ದು ಎಂದು ಆಗಲೇ ಹೇಳಿಬಿಡಬೇಕಿತ್ತು. ಹೇಳಲಿಲ್ಲ. "ಒಂದು ಹಳೇ ಪುಸ್ತಕದ ಮಾತ ಅದಾವ ಆಯಿ, ಓದ್ತೀನಿ, ನಿಮಗ ತಿಳದದ್ದ ಹೇಳ್ರಿ" ಎಂದಷ್ಟೇ ಹೇಳಿದೆ. ಆ ದಿನದಿಂದ ನನಗೆ ಇದ್ದದ್ದು ಒಂದೇ ಹೆದರಿಕೆ. ನಾನು ಯಾತಕ್ಕೆ ಬರುತ್ತಿದ್ದೇನೆ ಎಂಬುದು ಈ ಮುದುಕಿಗೆ ತಿಳಿಯಬಾರದು.

ಆಯಿ ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದರು. ನಾನು ಓದಿದೆ. "ಬಾಯಿ ಐತಿ, ಮಾತಾಡಂಗಿಲ್ಲ. ಕಣ್ಣ ಅದಾವ, ನೋಡಂಗಿಲ್ಲ. ಕಿವಿ ಅದಾವ, ಕೇಳಂಗಿಲ್ಲ. ಕೈಲೆ ಹಿಡಿಯಂಗಿಲ್ಲ, ಕಾಲಿಲೆ ನಡಿಯಂಗಿಲ್ಲ." ಆಯಿ ಮೊರ ಪಕ್ಕಕ್ಕಿಟ್ಟರು. ಕೈಗೆ ಹತ್ತಿದ್ದ ಧೂಳು ಒರೆಸಿಕೊಂಡು ಎರಡೂ ಕೈ ಜೋಡಿಸಿದರು.

"ಇನ್ನೊಮ್ಮಿ ಓದ" ಎಂದರು.

ಇನ್ನೊಮ್ಮೆ ಓದಿ, ನಿಯಮದ ಪ್ರಕಾರ, ಏನು ತಿಳಿಯಿತು ಹೇಳಿ ಎಂದೆ.

"ತಿಳಿಯಾಕೇನೈತಿ, ಭಗವಂತನ್ನ ಕಣ್ ಮುಂದ ತಂದ ನಿಂದ್ರಿಸ್ಯಾರಲ್ಲ. ಬಾಯಿ ಐತಿ, ಖರೆ ಯಾರಿಗೂ ಒಂದ ಕೆಟ್ ಮಾತ ಆಡಂಗಿಲ್ಲ. ಕಣ್ಣ ಅದಾವ, ಮಂದಿ ಸೊತ್ತಿನ ಮ್ಯಾಲ ಬೀಳಂಗಿಲ್ಲ. ಕಿವಿ ಅದಾವ, ಹೊಗಳಿದ್ರೂ ಅಷ್ಟ, ಬೈದ್ರೂ ಅಷ್ಟ. ಕೈ ಏನೂ ಹಿಡದಿಲ್ಲ, ಎಲ್ಲಾ ಬಿಟ್ಟಾನ. ಹೋಗಿ ಮುಟ್ಟು ಕಡೆ ಮುಟ್ಟ್ಯಾನ, ಇನ್ನ ಎಲ್ಲಿಗಿ ನಡೀಬೇಕ ಅಂವಾ?"

ಹೇಳಿದ್ದನ್ನೆಲ್ಲ ಹಾಗೇ ಬರೆದುಕೊಂಡೆ. ಕೊನೆಯ ಸಾಲಾದರೂ ನಾಟಬಹುದು ಎಂದುಕೊಂಡು ಓದಿದೆ. "ಮಾಡಿದವರೂ ನಂಬಿದವರೂ ಅವರಂಗನ ಆಗ್ತಾರ."

"ಆಗಲಿ, ಆಗಲಿ" ಎಂದು ಆಯಿ ಜೋಡಿಸಿದ ಕೈ ಹಣೆಗೆ ಒತ್ತಿಕೊಂಡರು. "ಅದಕ್ಕಲ್ಲೇನ ದಿನಾ ಬಸ್ತಿಗಿ ಹೋಗೋದು? ನಾವು ಬೇಡಾಕ ಹೋಗಂಗಿಲ್ಲ ಮಗಳ, ಅವನಂಗ ಆಗಾಕ ಹೋಗ್ತೀವಿ. ನನ್ನ ಬಾಯಿ ನೋಡ, ಎಂಬತ್ತ ಆದ್ರೂ ಮುಚ್ಚವಲ್ದು. ಭಾಳ ಛಂದ ಬರದಾರ. ಮುಂದಿನ ವಾರನೂ ಬಂದ ಓದ."

ಬಸ್ತಿ ಎಂದರೆ ಅವರ ಬಸದಿ. ಅಲ್ಲಿ ಕೈಮೇಲೆ ಕೈಯಿಟ್ಟು ರೆಪ್ಪೆ ಇಳಿಸಿ ಕೂತ ಮೂರ್ತಿಯನ್ನು ನಾಲ್ಕು ವರ್ಷ ನೋಡಿಯೂ ನನಗೆ ಇದು ಹೊಳೆದಿರಲಿಲ್ಲ. ಅಣಕಿಸಲು ಬರೆದ ಸಾಲುಗಳು ಅಲ್ಲಿ ಅಕ್ಷರಶಃ ಸ್ತುತಿಯಾಗಿ ಕೂತಿದ್ದವು. ವಾಪಸು ಬರುವ ಬಸ್ಸಿನಲ್ಲಿ ಒಬ್ಬಳೇ ನಕ್ಕೆ. ಸಂಸ್ಥೆಯ ಮೇಲ್ವಿಚಾರಕರ ಫೋನ್ ಬರುವವರೆಗೂ ನಗುತ್ತಲೇ ಇದ್ದೆ.

ಮೇಲ್ವಿಚಾರಕರು ದಕ್ಷಿಣದ ಕಡೆಯವರು. ಎಂದೂ ದನಿ ಏರಿಸುವವರಲ್ಲ, ಅದೇ ನನಗೆ ಮೈ ಉರಿಸುತ್ತಿತ್ತು. "ಮೇಡಂ, ಕೊನೇ ಸಾಲು ಶಾಪ. ನಿಮ್ಮ ಕೇಳುಗರು ಅದನ್ನ ಆಶೀರ್ವಾದ ಅಂತ ತಗೊಂಡಿದಾರೆ" ಎಂದರು.

"ಹೌದು."

"ಹಾಗಾದ್ರೆ ಅನುವಾದದಲ್ಲಿ ದೋಷ ಇದೆ."

"ಅನುವಾದದಲ್ಲಿ ಇಲ್ಲರೀ."

"ಮತ್ತೆಲ್ಲಿದೆ ಮೇಡಂ?"

ಶೇಡಬಾಳದಲ್ಲಿದೆ ಎನ್ನಲಾದೀತೇ? ತಿದ್ದುತ್ತೇನೆ ಎಂದು ಫೋನ್ ಇಟ್ಟೆ.

ಉಳಿದ ಊರುಗಳವರು ಸುಲಭವಾಗಿ ನೊಂದುಕೊಂಡರು ಎಂದು ತಿಳಿಯಬೇಡಿ. ಅಥಣಿಯಲ್ಲಿ ನನ್ನ ತಮ್ಮ ದ್ರಾಕ್ಷಿಗೆ ಔಷಧ ಹೊಡೆದು ಬಂದು ಕೂತಿದ್ದ. ಓದಿ ಮುಗಿಸಿದ ಕೂಡಲೇ, "ಕಣ್ಣ ಕಾಣಂಗಿಲ್ಲಂದ್ರ ಆ ಮೂರ್ತಿಗಿ ಇನ್ನೂ ಪ್ರತಿಷ್ಠಾಪನಾ ಆಗಿಲ್ಲಕ್ಕ. ಮೊದಲ ಚಲೋ ಭಟ್ಟರನ್ನ ಕರಸ್ರಿ ಅಂತ ಹೇಳ ಅವರಿಗಿ" ಎಂದು ಉಪಾಯ ಸೂಚಿಸಿದ. ನಿಪ್ಪಾಣಿಯಲ್ಲಿ ತಂಬಾಕಿನ ವಖಾರಿಯಲ್ಲಿ ದುಡಿದು ಹಣ್ಣಾದ ಹೆಂಗಸೊಬ್ಬರಿಗೆ ಮರಾಠಿಯಲ್ಲಿ ಓದಿದೆ. "ಬೋಲತ ನಾಹೀ ತೇಚ ಬರಂ ಬಾಯಿ, ಬೋಲ್ಣಾರೇ ಘರಾತ ಪುಷ್ಕಳ ಆಹೇತ" ಎಂದು ನಕ್ಕರು. ದೇವರು ಮಾತಾಡದಿರುವುದೇ ಒಳ್ಳೆಯದಂತೆ, ಮಾತಾಡುವವರು ಮನೆ ತುಂಬ ಇದ್ದಾರಂತೆ.

ಎಲ್ಲರಿಗಿಂತ ಹೆಚ್ಚು ಸತಾಯಿಸಿದವನು ಚಿಕ್ಕೋಡಿ ತಾಲೂಕಿನ ಪಾಲಿಗೆ ಸಿಕ್ಕ ಕಬ್ಬೂರಿನ ಕುರುಬ. ಕುರಿಗಳನ್ನು ಕಬ್ಬು ಕಡಿದ ಹೊಲದಲ್ಲಿ ಬಿಟ್ಟು, ಬದುವಿನ ಮೇಲೆ ಕಂಬಳಿ ಹಾಸಿ ಕೂತಿದ್ದ. ಕಾಲಿದ್ದೂ ನಡೆಯುವುದಿಲ್ಲ ಎಂಬಲ್ಲಿಗೆ ನನ್ನನ್ನು ತಡೆದ.

"ನಡಿಯಂಗಿಲ್ಲಂತ ಯಾರ್ರಿ ಹೇಳಿದವರು? ನಮ್ಮಂವಾ ವರ್ಷಕ್ಕೊಮ್ಮಿ ತಂಗಿ ಊರಿಗಿ ಹೋಗಿ ಬರ್ತಾನ."

"ಹ್ಯಾಂಗ ಹೋಗ್ತಾನ?"

"ಪಲ್ಲಕ್ಕ್ಯಾಗ ಹೋಗ್ತಾನ್ರಿ."

"ಅಂದ್ರ ನೀವು ಹೊತ್ತೊಯ್ತೀರಿ. ಅಂವಾ ನಡಿಯಂಗಿಲ್ಲಲಾ."

ಇದನ್ನು ನಾನು ಕೇಳಲೇಬಾರದಿತ್ತು, ನಿಯಮಕ್ಕೆ ವಿರುದ್ಧ. ಅವನು ನನ್ನನ್ನು ಕನಿಕರದಿಂದ ನೋಡಿದ. "ಅಕ್ಕೋರ, ಅವನಿಗಿ ಮನಸಿಲ್ಲಂದ್ರ ಎಂಟ ಮಂದಿ ಹೊತ್ರೂ ಹೆಜ್ಜಿ ಕೀಳಂಗಿಲ್ರಿ. ಹೋದ ವರ್ಷ ಹಳ್ಳದಾಗ ನಿಂತಬಿಟ್ಟ. ನನ್ನ ಹೆಗಲ ನೋಡ್ರಿಲ್ಲಿ" ಎಂದು ಅಂಗಿ ಸರಿಸಿ ಗಂಟುಗಟ್ಟಿದ ಹೆಗಲು ತೋರಿಸಿದ. "ಇದನ್ನ ಬರದ ಮನಷ್ಯಾ ಒಮ್ಮಿಯರ ಪಲ್ಲಕ್ಕಿ ಹೊತ್ತಾನೇನ್ರಿ?"

ಅದನ್ನೂ ಹಾಗೇ ಬರೆದು ಕಳಿಸಿದೆ. ಮೇಲ್ವಿಚಾರಕರು, "ನಿಮ್ಮ ಭಾಗದ ಕೇಳುಗರು ಸಹಕರಿಸ್ತಿಲ್ಲ ಮೇಡಂ" ಎಂದರು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು ಎಂದು ಅವರು ಅಂದುಕೊಂಡಿರಬೇಕು. ಇಲ್ಲಿ ಕೋಣ ಯಾರು, ಕಿನ್ನರಿ ಬಾರಿಸುತ್ತಿರುವವರು ಯಾರು ಎಂದು ನನಗೆ ತೀರ್ಮಾನಿಸಲಾಗಲಿಲ್ಲ.

ತಿದ್ದಿದೆ. ಮತ್ತೆ ತಿದ್ದಿದೆ. ಉಪ್ಪು ಖಾರ ಹಚ್ಚಿದೆ. ಮೂರನೆಯ ಸಲ ಓದಿದಾಗ ನನ್ನ ತಮ್ಮನಿಗೆ ತಿಳಿಯಿತು. ಎದ್ದು ನಿಂತು, "ಅಪ್ಪ ದಿನಾ ಕೈ ಮುಗದ ದೇವರಿಗಿ ನೀ ಹಿಂಗ ಬರಿತೀಯೇನಕ್ಕ? ವಯಸ್ಸಾದ ಮ್ಯಾಲ ತಲಿ ಕೆಟ್ಟೈತೇನ ನಿಂದ?" ಎಂದು ಕೂಗಾಡಿದ. ಎಂಟು ದಿನ ಫೋನ್ ಎತ್ತಲಿಲ್ಲ. ಒಂಬತ್ತನೆಯ ದಿನ ತಾನಾಗಿಯೇ ಒಂದು ಪೆಟ್ಟಿಗೆ ದ್ರಾಕ್ಷಿ ಕಳಿಸಿದ. ಒಡಹುಟ್ಟಿದವರ ಜಗಳ ಅಷ್ಟೇ. ನಾನು ಹಾಳೆಯ ಮೇಲೆ 'ಹೌದು' ಎಂದು ಗುರುತು ಹಾಕಿದೆ. ಮೇಲ್ವಿಚಾರಕರಿಗೆ ಬಹಳ ಸಂತೋಷವಾಯಿತು. ಕುರುಬನೂ ಒಂದು ದಿನ, "ನಮ್ಮಪ್ಪಗ ಬೈಯಾಕ ಇಷ್ಟ ದೂರ ಬಂದೀರೇನ್ರಿ?" ಎಂದು ಕಂಬಳಿ ಕೊಡವಿ ಎದ್ದು ಹೋದ. ಅದೂ ಪಾಸು. ನಿಪ್ಪಾಣಿಯ ಹೆಂಗಸು ನಕ್ಕ ನಗುವನ್ನೇ ಮುಟ್ಟಿದ್ದಕ್ಕೆ ಗುರುತು ಎಂದು ಮೇಲ್ವಿಚಾರಕರು ಒಪ್ಪಿಕೊಂಡರು. ಉಳಿದದ್ದು ಶೇಡಬಾಳ ಒಂದೇ.

ಆಯಿ ಮಾತ್ರ ಗುರುವಾರ ಗುರುವಾರ ಇನ್ನಷ್ಟು ಖುಷಿಯಾಗುತ್ತಿದ್ದರು. ನಾನು ಚುಚ್ಚುಮಾತು ಹರಿತ ಮಾಡಿದಷ್ಟೂ ಅವರ ಭಕ್ತಿ ಏರುತ್ತಿತ್ತು. 'ಬರೇ ಕಲ್ಲು' ಎಂದು ಸೇರಿಸಿದೆ. "ಕಲ್ಲ ಅಲ್ದ ಏನ ಮತ್ತ? ನಮ್ಮ ಮಾವನವರು ರಾಜಸ್ಥಾನದಿಂದ ತರಿಸಿದ್ದು. ಕಲ್ಲಿನಾಗ ಭಗವಂತ ಕುಂತಿಲ್ಲ ಮಗಳ, ಅಂವಾ ಹ್ಯಾಂಗ ಇದ್ದ ಅಂತ ಕಲ್ಲ ತೋರಸ್ತೈತಿ ಅಷ್ಟ" ಎಂದರು. 'ಮೂಗಿನ ಮೇಲೆ ಕೂತ ನೊಣ ಹೊಡೆದುಕೊಳ್ಳಲೂ ಬಾರದು' ಎಂದು ಸೇರಿಸಿದೆ. ಇದಕ್ಕೆ ಉಳಿಗಾಲವಿಲ್ಲ ಎಂದುಕೊಂಡೇ ಓದಿದೆ. ಆಯಿಯ ಕಣ್ಣಲ್ಲಿ ನೀರೇ ಬಂತು. ಮೈತುಂಬ ಬಳ್ಳಿ ಹಬ್ಬಿ, ಕಾಲ ಬಳಿ ಹುತ್ತ ಬೆಳೆದರೂ ಅಲುಗದೆ ನಿಂತ ಮಹಾಪುರುಷನ ಕತೆ ಹೇಳಿದರು. "ನೊಣಾನೂ ಒಂದ ಜೀವ ಅಲ್ಲೇನ? ಅದನ್ನೂ ಹೊಡಿಯಂಗಿಲ್ಲ ಅಂವಾ" ಎಂದರು.

ನಡುವೆ ಇನ್ನೊಂದು ಕಾಟ ಶುರುವಾಯಿತು. ಆಯಿ ಓಣಿಯವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದರು. ನಾನು ಬಸ್ಸಿಳಿದು ಬರುವಾಗ ಕಟ್ಟೆಯ ಮೇಲಿನ ಹೆಂಗಸರು, "ಆಯೀ, ನಿಮ್ಮ ಮಗಳ ಬಂದಳ ನೋಡ್ರಿ, ಶಾಸ್ತ್ರ ಓದಾಕ" ಎಂದು ಕೂಗುತ್ತಿದ್ದರು. ಸೊಸೆ ಒಮ್ಮೆ ನೀರು ಕೊಡುತ್ತ, "ಬುಧವಾರದಿಂದನ ತಯಾರಿ ನಡಸ್ತಾರ್ರಿ. ಮಗಳಿಗಿ ಏನ ಮಾಡ್ಲಿ, ಏನ ಮಾಡ್ಲಿ ಅಂತ ನನ್ನ ಜೀವಾ ತಿಂತಾರ" ಎಂದು ನಕ್ಕಳು. ನನಗೆ ನಗು ಬರಲಿಲ್ಲ. ಅತ್ತ ದರಿ, ಇತ್ತ ಪುಲಿ. ಆಯಿಗೆ ತಿಳಿದರೆ ಪಾಸಾಗುತ್ತೇನೆ, ಅವರ ಮಗಳಾಗಿ ಉಳಿಯುವುದಿಲ್ಲ. ತಿಳಿಯದಿದ್ದರೆ ಮಗಳು, ಆದರೆ ಫೇಲು.

ಆ ತಿಂಗಳ ಕೊನೆಗೆ ಅಚ್ಚಿಗೆ ಹೋಗಬೇಕಿತ್ತು. ಕೊನೆಯ ಗುರುವಾರ ಹೊರಟಾಗಲೇ ಗ್ರಹಚಾರ ಕೆಟ್ಟಿತ್ತು. ಕಬ್ಬಿನ ಹಂಗಾಮು, ಎರಡೆರಡು ಟ್ರಾಲಿ ಎಳೆದುಕೊಂಡು ಹೋಗುವ ಟ್ರ್ಯಾಕ್ಟರುಗಳು ಅಂಕಲಿಯಿಂದಲೇ ಸಾಲುಗಟ್ಟಿದ್ದವು. ಕೃಷ್ಣಾ ನದಿಯ ಸೇತುವೆಯ ಹತ್ತಿರ ಒಂದು ಟ್ರಾಲಿ ಪಲ್ಟಿಯಾಗಿ, ರಸ್ತೆ ತುಂಬ ಕಬ್ಬು. ಬಸ್ಸು ಒಂದೂವರೆ ತಾಸು ನಿಂತಲ್ಲೇ ನಿಂತಿತು. ಆಗಲೇ ಮೇಲ್ವಿಚಾರಕರ ಫೋನ್. "ಮೇಡಂ, ಇವತ್ತು ಶೇಡಬಾಳ ಆಗ್ಲಿಲ್ಲ ಅಂದ್ರೆ ಆಡುಗನ್ನಡದ ಭಾಗ ಪೂರ್ತಿ ಬೇರೆಯವರಿಗೆ ಕೊಟ್ಟು ಹೊಸದಾಗಿ ಬರೆಸ್ತೀವಿ. ಬೇಜಾರು ಮಾಡ್ಕೋಬೇಡಿ" ಎಂದರು. ಬೇಜಾರು ಮಾಡಿಕೊಳ್ಳದೆ ಇನ್ನೇನು ಮಾಡಿಕೊಳ್ಳಲಿ? ನಾಲ್ಕು ಸಲ ತಿದ್ದಿದ ನನ್ನ ಕನ್ನಡ, ನನ್ನ ಹೆಸರಿಲ್ಲದಿದ್ದರೂ ನನ್ನದೇ ಕನ್ನಡ, ಒಬ್ಬ ಮುದುಕಿ ನೊಂದುಕೊಳ್ಳಲು ಒಪ್ಪದ ಕಾರಣಕ್ಕೆ ಕಸದ ಬುಟ್ಟಿಗೆ ಹೋಗುತ್ತದೆ.

ಶೇಡಬಾಳ ಮುಟ್ಟಿದಾಗ ಬಿಸಿಲು ಇಳಿದಿತ್ತು. ಆಯಿ ಬಾಗಿಲಲ್ಲೇ ಕೂತಿದ್ದರು. ಮಧ್ಯಾಹ್ನದಿಂದ ನನ್ನ ದಾರಿ ಕಾಯುತ್ತ, ನನ್ನ ಜೊತೆಗೇ ಉಣ್ಣುತ್ತೇನೆಂದು ತಾವೂ ಉಂಡಿರಲಿಲ್ಲವಂತೆ. "ಮೊದಲ ಎಲ್ಲಾರೂ ಉಣ್ಣೂನು, ಹೊತ್ತ ಮುಣಗಾಕ ಬಂತ. ಹೋಳಿಗಿ ಮಾಡೀನಿ" ಎಂದರು. ತಾಟು ಹಾಕಿಸಿದ್ದರು.

"ಮೊದಲ ಓದಿಬಿಡ್ತೀನಿ ಆಯಿ" ಎಂದೆ.

"ಉಂಡ ಮ್ಯಾಲ ಓದೀಯಂತ."

"ಇಲ್ಲ ಆಯಿ, ಐದ ಮಿನಿಟದ ಕೆಲಸ."

ಓದಿದೆ. ಎಂದಿನಂತೆ ಕೈ ಜೋಡಿಸಿದರು. ಎಂದಿನಂತೆ ಏನು ತಿಳಿಯಿತು ಎಂದು ಕೇಳಿದೆ. ಎಂದಿನಂತೆ ಮುಖ ಅರಳಿಸಿಕೊಂಡು, "ವಾರದಿಂದ ವಾರಕ್ಕ ಇನ್ನೂ ಛಂದ ಆಗಾಕತ್ತೈತಿ ನೋಡ" ಎಂದರು. ಬಸ್ಸು, ಬಿಸಿಲು, ಫೋನು, ಐದು ವಾರ, ಎಲ್ಲ ಸೇರಿ ನನ್ನ ತಲೆಗೆ ಹತ್ತಿತು. ಹಾಳೆಗಳನ್ನು ನೆಲಕ್ಕೆ ಕುಕ್ಕಿದೆ.

"ಛಂದ ಅಲ್ಲ ಆಯಿ! ಇದು ಬೈಗಳ! ನಿಮ್ಮ ಭಗವಂತಗ ಬೈದಾರ ಇದರಾಗ. ಸತ್ತ ಕಲ್ಲು, ಕೆಲಸಕ್ಕ ಬಾರದ್ದು ಅಂತ ಚಾಷ್ಟಿ ಮಾಡ್ಯಾರ. ಭಗವಂತಗಷ್ಟ ಅಲ್ಲ, ಅವನ್ನ ನಂಬಿದ ನಿಮಗೂ. ನೀವೂ ಕಲ್ಲ ಆಗ್ತೀರಿ, ಕಿವುಡ ಆಗ್ತೀರಿ ಅಂತ ಶಾಪ ಹಾಕ್ಯಾರ. ಅದು ನಿಮಗ ತಿಳೀತೋ ಇಲ್ಲೋ ಅಂತ ನೋಡಾಕ ನಾ ಪ್ರತಿ ವಾರ ಬರಾಕತ್ತೀನಿ. ತಿಳದ್ರ ನಂದ ಪಾಸು. ಐದ ವಾರ ಆತು, ನಿಮಗ ತಿಳಿಯವಲ್ದು!"

ಒಳಗೆ ಸೊಸೆ ಪಾತ್ರೆ ಸರಿಸುತ್ತಿದ್ದ ಸದ್ದು ನಿಂತಿತು. ಆಯಿಯ ಕೈಗಳು ಇನ್ನೂ ಜೋಡಿಸಿಯೇ ಇದ್ದವು. ಅವನ್ನು ಬಿಡಿಸಿ, ಎಲ್ಲಿಡಬೇಕೆಂದು ತಿಳಿಯದವರಂತೆ ಸೆರಗಿನೊಳಗೆ ಇಟ್ಟುಕೊಂಡರು.

"ಬೈಗಳೇನ" ಎಂದರು.

ಬಾಯಿಂದ ಬಿದ್ದ ಮಾತನ್ನು ಎತ್ತಿಕೊಳ್ಳಲು ಬರುವುದಿಲ್ಲ.

ಆಯಿ ಬಹಳ ಹೊತ್ತು ಅಂಗಳ ನೋಡುತ್ತ ಕೂತರು. ಅಂಗಳದ ಬಿಸಿಲು ಗೋಡೆಗೆ ಏರಿತು, ಗೋಡೆಯಿಂದ ಹಂಚಿಗೆ ಏರಿತು, ಹೋಯಿತು. ಸೊಸೆ ಬಂದು, "ಆಯೀ, ಹೊತ್ತ ಮುಣಗಿತ್ರಿ" ಎಂದು ಮೆಲ್ಲಗೆ ಹೇಳಿದಳು. ಆಗಲೇ ನನಗೆ ಊಟದ ನೆನಪಾದದ್ದು. ಆಯಿ ತಾಟಿನ ಕಡೆ ನೋಡಿ, "ಮಗಳಿಗಿ ಹಾಕ. ನಂದ ಇನ್ನ ನಾಳಿಗಿ" ಎಂದರು. ಬೆಳಿಗ್ಗೆಯಿಂದ ಏನೂ ತಿನ್ನದ ಜೀವ. ನನ್ನ ಮುಂದೆ ಹೋಳಿಗೆ ಬಂತು, ತುಪ್ಪ ಬಂತು. ಹ್ಯಾಗೆ ತಿಂದೆನೋ ಗೊತ್ತಿಲ್ಲ. ತಿನ್ನದೆ ಬಿಟ್ಟರೆ ಅವರಿಗೆ ಇನ್ನೂ ನೋವಾಗುತ್ತದೆಂದು ನುಂಗಿದೆ.

ಹೊರಡುವಾಗ ಹಾಳೆಗಳನ್ನು ಆಯಿಯೇ ನೆಲದಿಂದ ಆರಿಸಿ, ಧೂಳು ಕೊಡವಿ, ನನ್ನ ಕೈಗೆ ಕೊಟ್ಟರು. "ಬರಕೋ" ಎಂದರು. "ಮುದಿಕಿಗಿ ತಿಳೀತು ಅಂತ ಬರಕೋ. ನಿನ್ನ ಕೆಲಸ ಕೆಡೋದ ಬ್ಯಾಡ."

ವಿವರಣೆ ಕೊಡಕೂಡದೆಂಬ ನಿಯಮ ಮುರಿದಿದ್ದೆ, ಅದನ್ನು ಯಾರಿಗೂ ಹೇಳಲಿಲ್ಲ. ಏಳನೆಯ ಪ್ರಶ್ನೆಯ ಮುಂದೆ 'ಹೌದು' ಎಂದು ಗುರುತು ಹಾಕಿ ಕಳಿಸಿದೆ. ಮರುದಿನ ಮೇಲ್ವಿಚಾರಕರು ಫೋನ್ ಮಾಡಿ, "ಅಭಿನಂದನೆಗಳು ಮೇಡಂ, ಐದನೇ ಆವೃತ್ತಿ ನಿಜಕ್ಕೂ ಅದ್ಭುತ. ಕೊನೆಗೂ ಭಾವ ಬಂತು" ಎಂದರು. ಅವರ ಮೇಲೆ ರೇಗಬೇಕೆನಿಸಿತು. ರೇಗಲು ಅವರು ಮಾಡಿದ ತಪ್ಪಾದರೂ ಏನು? ಅವರು ಶೇಡಬಾಳ ನೋಡಿಲ್ಲ. ನಾನು ನಾಲ್ಕು ವರ್ಷ ಅಲ್ಲಿ ಉಂಡಿದ್ದೆ. ಆ ವಾರವೆಲ್ಲ ಮನೆಯಲ್ಲಿ ಕಂಡಕಂಡವರ ಮೇಲೆ ಸಿಡುಕಿದೆ. ಸಿಟ್ಟು ಯಾರ ಮೇಲೆಂದು ನನಗೆ ಚೆನ್ನಾಗಿ ಗೊತ್ತಿತ್ತು.

ಮುಂದಿನ ಗುರುವಾರ ಫೈಲು ಬಿಟ್ಟು, ಬರಿಗೈಯಲ್ಲಿ ಹೋದೆ. ಕ್ಷಮೆ ಕೇಳಬೇಕೆಂದು ಬಸ್ಸಿನುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಆಯಿ ಮುಖ ಸಿಂಡರಿಸಲಿಲ್ಲ. "ಬಾ, ಕುಂದರ" ಎಂದು ಚಾಪೆ ಹಾಸಿಸಿದರು. ನೀರು ಕೊಟ್ಟರು. ಮೊರ ಪಕ್ಕಕ್ಕೆ ಸರಿಸಿ, ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು, ನೆಟ್ಟಗೆ ಕೂತರು. ದವಾಖಾನೆಯಲ್ಲಿ ಸೂಜಿ ಚುಚ್ಚಿಸಿಕೊಳ್ಳಲು ತಯಾರಾದವರ ಹಾಗೆ.

"ಓದ" ಎಂದರು.

"ಇವತ್ತ ಓದೂದೇನಿಲ್ಲ ಆಯಿ. ಎಲ್ಲಾ ಮುಗೀತು."

"ಪಾಸಾತೇನ?"

"ಹೂಂ."

"ಚಲೋ ಆತು." ನನ್ನ ಬರಿಗೈ ನೋಡಿದರು. ಆಮೇಲೆ ಕೇಳಿದರು.

"ಮತ್ತ ಇವತ್ತ ಯಾಕ ಬಂದಿ ಮಗಳ?"

ಆ ಮಾತಿನಲ್ಲಿ ಕೊಂಕಿರಲಿಲ್ಲ, ಸಿಟ್ಟಿರಲಿಲ್ಲ. ಅವರಿಗೆ ನಿಜವಾಗಿಯೂ ಗೊತ್ತಾಗದೆ ಕೇಳಿದ್ದರು.